ಖಾಲಿ ಮನೆ, ಖಾತೆಯಿಲ್ಲದ ಜನ

ಬಂಗಾರಪೇಟೆಯ ಗೋಡೆಗಳ ಮೇಲೆ, ಆಟೋಗಳ ಬೆನ್ನಿನ ಮೇಲೆ, ಸ್ಟೇಷನ್ ಹೊರಗಿನ ಲೈಟುಕಂಬಗಳ ಮೇಲೆ ಈಗ ಒಂದೇ ಕೂಗು: ಸೈಟು ಇದೆ, ಸೈಟು ಇದೆ. ಬೆಂಗಳೂರಿಗೆ ನೇರ ರೈಲು. ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಹತ್ತಿರ. ಕೊನೆಗೆ, ತಪ್ಪದೆ, ಎರಡು ಪದ: ಪ್ರಶಾಂತ ವಾತಾವರಣ.

ಆ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ 2024ರ ಕೊನೆಗೆ ವಾಹನಗಳಿಗೆ ತೆರೆಯಿತು. ಅದಕ್ಕೂ ಮೊದಲು, 2020ರಲ್ಲಿ, ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿತ್ತು. ರೈತನಲ್ಲದವನೂ ಹೊಲ ಕೊಳ್ಳಬಹುದು ಅಂತಾಯಿತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಲ್ಲು ನೆಟ್ಟು ಬಣ್ಣ ಬಳಿದರು. ನೆಲಕ್ಕೆ ಬೆಲೆ ಬಂತು. ನೆಲದ ಮೇಲೆ ದುಡಿದವರಿಗೆ ಏನು ಬಂತು?

ಈ ಪ್ರಶಾಂತ ವಾತಾವರಣ ಎಂಬ ಮಾತಿನ ಅರ್ಥವನ್ನು ನಾವು ನಿಘಂಟು ನೋಡಿ ಕಲಿಯಲಿಲ್ಲ. ಬಾಡಿಗೆ ಮನೆ ಹುಡುಕಿ ಕಲಿತೆವು. ಕಲಿತದ್ದನ್ನು ನಾಲ್ಕು ಜನಕ್ಕೆ ಹೇಳಬೇಕು ಅಂತ ಇಲ್ಲಿ ಬರೆಯುತ್ತಿದ್ದೇವೆ.

ನಾವು ಅಂದರೆ ಮೂವರು. ಚಾಂಪಿಯನ್ ರೀಫಿನ ಲೈನಿನಲ್ಲಿ ಬೆಳೆದ ಅಕ್ಕ ತಮ್ಮ, ಮತ್ತು ಬೂದಿಕೋಟೆ ಕಡೆಯ ಕೇರಿಯಿಂದ ಬಂದ ಕಾಲೇಜಿನ ಗೆಳೆಯ. ಬರೆಯುವ ಕೈ ಒಂದು, ಮಾತು ಮೂವರದು. ಲೈನಿನವರ ಮನೆಮಾತು ತಮಿಳು, ಕೇರಿಯವನದು ತೆಲುಗು. ಕನ್ನಡ ನಮಗೆ ಸರ್ಕಾರಿ ಶಾಲೆ ಕೊಟ್ಟ ಭಾಷೆ. ಪದ್ಯ ಬರೆಯುವುದೂ ಇದರಲ್ಲೇ, ಜಗಳ ಆಡುವುದೂ ಇದರಲ್ಲೇ. ಜಾತಿ ಸರ್ಟಿಫಿಕೇಟಿನಲ್ಲಿ ಇಬ್ಬರು ಎ.ಡಿ., ಒಬ್ಬ ಎ.ಕೆ. ಆದಿ ದ್ರಾವಿಡ, ಆದಿ ಕರ್ನಾಟಕ. ಹೆಸರಿನಲ್ಲಿ ಈ ನೆಲದ ಮೊದಲಿಗರು. ಕಾಗದದಲ್ಲಿ ಈ ನೆಲದ ಒಂದು ಚದರಡಿಯೂ ಇಲ್ಲದವರು. ಎರಡೂ ಮನೆಗಳಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆ ನಮ್ಮದೇ.

ಕೆ.ಜಿ.ಎಫ್. ಅನ್ನು ಸಿನಿಮಾದಲ್ಲಿ ಮಾತ್ರ ನೋಡಿದವರಿಗೆ ಲೈನು ಅಂದರೆ ಏನು ಅಂತ ಹೇಳಬೇಕು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸಕ್ಕೆ ಇಳಿಯಿತು. ಇಳಿಯಿತು ಅನ್ನುವುದು ಬರೀ ಮಾತಿಗೆ. ನಿಜವಾಗಿ ಕೆಳಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ಅಸ್ಪೃಶ್ಯರು. ಊರಿನ ಜೀತ, ಊರಿನ ಬರ, ಊರಿನ ದೊಡ್ಡವರ ಕಣ್ಣು, ಇಷ್ಟನ್ನೂ ಹಿಂದೆ ಬಿಟ್ಟು ಬಂದವರು. ಅವರಿಗೆ ಸಾಲು ಸಾಲಾಗಿ ಬಿದಿರಿನ ತಟ್ಟಿಯ ಗುಡಿಸಲು ಹಾಕಿಕೊಟ್ಟರು. ಆ ಸಾಲೇ ಲೈನು. ಬಿಳಿ ಸಾಹೇಬರಿಗೆ ತೋಟವಿದ್ದ ಬಂಗಲೆ, ಕ್ಲಬ್ಬು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. ಬಂಗಾರಪೇಟೆಯ ಹೆಸರು ಆಗ ಬೌರಿಂಗ್‌ಪೇಟೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಅಷ್ಟು ದೂರದಿಂದ ತಂತಿಯಲ್ಲಿ ಓಡಿ ಬಂತು. ಬಂದದ್ದು ಗಣಿಯ ಯಂತ್ರ ತಿರುಗಿಸಲಿಕ್ಕೆ, ತಟ್ಟಿ ಮನೆಯ ಬುಡ್ಡಿ ದೀಪ ಆರಿಸಲಿಕ್ಕಲ್ಲ.

ನೆಲದ ಅಡಿಯಲ್ಲಿ ಮೂರು ಕಿಲೋಮೀಟರಿಗೂ ಆಳದ ತನಕ ನಮ್ಮವರು ಇಳಿದರು. ಅಷ್ಟು ಆಳಕ್ಕೆ ಹೋಗಿ ಬಂದ ಜನಕ್ಕೆ ನೆಲದ ಮೇಲೆ ಒಂದು ಅಡಿಯ ಹಕ್ಕೂ ಇರಲಿಲ್ಲ. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆ ಅಲುಗುತ್ತಿತ್ತು. ಹೆಂಗಸರು ಅಲುಗಿದ ಪಾತ್ರೆ ನೋಡಿ ಬಾಗಿಲಿಗೆ ಓಡಿ ಬರುತ್ತಿದ್ದರು ಅಂತ ನಮ್ಮಮ್ಮ ಹೇಳುತ್ತಾಳೆ. ಮನೆ ಕೆಲಸದ ಜೊತೆಗೆ ಬಂದದ್ದು. ಕೆಲಸ ಇರುವ ತನಕ ಮನೆ. ಅಲ್ಲಿದ್ದವರು ಯಜಮಾನರೂ ಅಲ್ಲ, ಸರಿಯಾದ ಅರ್ಥದಲ್ಲಿ ಬಾಡಿಗೆದಾರರೂ ಅಲ್ಲ. ಸುತ್ತಿಗೆ ಬಾಚಿ ಇಡಲಿಕ್ಕೆ ಒಂದು ಷೆಡ್ಡು ಇರುತ್ತದಲ್ಲ, ಹಾಗೆ ದುಡಿಯುವ ಮೈ ಇಡಲಿಕ್ಕೆ ಒಂದು ಲೈನು.

ಹಾಗಂತ ಲೈನಿನ ಜನ ತಲೆ ಬಗ್ಗಿಸಿ ಬದುಕಿದವರಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಇತ್ತು. 1930ರಲ್ಲಿ ಕಂಪನಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ, ನಾವೇನು ಕಳ್ಳರೇ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಹೆಬ್ಬೆಟ್ಟು ಕೊಡೆವು ಅಂದ ಆ ಹಿರಿಯರ ಮೊಮ್ಮಕ್ಕಳು, ಮರಿಮಕ್ಕಳು ನಾವು. ಸಂಘ ಕಟ್ಟಿದರು, ನೀಲಿ ಬಾವುಟ ಕಟ್ಟಿದರು, ಕೆಂಬಾವುಟ ಕಟ್ಟಿದರು, ಮಕ್ಕಳನ್ನು ಓದಿಸಿದರು. ಖಾತೆ ಒಂದು ಮಾತ್ರ ಯಾರ ಹೆಸರಿಗೂ ಬರಲಿಲ್ಲ.

1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು. 1962ರಲ್ಲಿ ಕೇಂದ್ರದ್ದಾಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆಗ ನಮ್ಮಲ್ಲಿ ದೊಡ್ಡವಳಿಗೆ ಮೂರು ವರ್ಷ. ಪಾಳಿಯ ಸೈರನ್ ನಿಂತ ಮೇಲಿನ ಊರನ್ನೇ ನಾವು ನೋಡಿದ್ದು. ಗಾಳಿಗಾಲದಲ್ಲಿ ಸೈನೈಡ್ ದಿಬ್ಬದ ಧೂಳು ಬಂದು ಅನ್ನದ ಮೇಲೆ ಕೂರುವುದು, ಬೆಳಗಿನ ಜಾವ ಗಂಡಸರು ಹೆಂಗಸರು ಬುತ್ತಿ ಹಿಡಿದು ಬೆಂಗಳೂರಿನ ರೈಲಿಗೆ ಓಡುವುದು, ಹಗಲೆಲ್ಲ ಲೈನಿನಲ್ಲಿ ಮುದುಕರ ಕೆಮ್ಮು. ಇದಕ್ಕಿಂತ ಪ್ರಶಾಂತವಾದ ವಾತಾವರಣ ಎಲ್ಲಿದೆ? 2024ರ ಜೂನಿನಲ್ಲಿ ಅಂಥ 13 ದಿಬ್ಬಗಳ ಹರಾಜಿಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ದಿಬ್ಬದ ಮಣ್ಣಲ್ಲಿ ಉಳಿದ ಬಂಗಾರಕ್ಕೆ ಲೆಕ್ಕ ಇದೆ. ಆ ಮಣ್ಣನ್ನು ಮೇಲಕ್ಕೆ ತಂದವರ ಮನೆಮಂದಿ ಕೇಳುವ ಹಕ್ಕುಪತ್ರಕ್ಕೂ ಒಂದು ಲೆಕ್ಕ ಬೇಕಲ್ಲವೇ?

ಲೈನು ಬಿಟ್ಟು ಬಂಗಾರಪೇಟೆಗೆ ಬರಬೇಕು ಅಂತ ನಾವು ತೀರ್ಮಾನ ಮಾಡಿದ್ದು ರೈಲಿನ ಕಾರಣಕ್ಕೆ. ಬಂಗಾರಪೇಟೆ ಜಂಕ್ಷನ್. ಅಕ್ಕನಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ರಾತ್ರಿ ತಡವಾದರೂ ಇಲ್ಲಿಯ ತನಕ ಯಾವುದಾದರೂ ಗಾಡಿ ಸಿಗುತ್ತದೆ. ತಮ್ಮ ತಾಲ್ಲೂಕಿನ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕ. ಅಮ್ಮನನ್ನು ಕರೆದುಕೊಂಡು ಮೂರು ಜನಕ್ಕೆ ಒಂದು ಮನೆ, ಗೆಳೆಯನಿಗೆ ಒಂದು ರೂಮು. ಇಷ್ಟೇ ಬೇಕಾಗಿದ್ದದ್ದು. ಅಡ್ವಾನ್ಸಿಗೆ ದುಡ್ಡು ಕೂಡಿಟ್ಟಿದ್ದೆವು. ದುಡ್ಡು ಇದ್ದರೆ ಮನೆ ಸಿಗುತ್ತದೆ ಅಂತ ಅರ್ಥಶಾಸ್ತ್ರದ ಪುಸ್ತಕ ಹೇಳಿತ್ತು.

ಬೋರ್ಡು ನೋಡಿ ಗೇಟು ತಟ್ಟುತ್ತಿದ್ದೆವು. ಮಾತುಕತೆ ಎಲ್ಲ ಕಡೆ ಒಂದೇ ದಾರಿಯಲ್ಲಿ ಸಾಗುತ್ತಿತ್ತು.

"ಎಷ್ಟು ಜನಾಮ್ಮಾ?"

"ಮೂರು ಜನ ಆಂಟಿ. ನಾನು, ತಮ್ಮ, ನಮ್ಮಮ್ಮ."

"ಮದ್ವೆ ಆಗಿಲ್ವಾ? ಇರ್ಲಿ ಬಿಡು. ಒಳ್ಳೇ ಕೆಲ್ಸ ಅಂತೀಯ. ಯಾವೂರು ನಿಮ್ದು?"

"ಕೆ.ಜಿ.ಎಫ್. ಆಂಟಿ."

"ಕೆ.ಜಿ.ಎಫ್.ನಲ್ಲಿ ಎಲ್ಲಿ? ರಾಬರ್ಟ್‌ಸನ್‌ಪೇಟೇನಾ?"

"ಚಾಂಪಿಯನ್ ರೀಫ್."

"ಓ, ಲೈನಾ." ಸ್ವಲ್ಪ ಹೊತ್ತು ಸುಮ್ಮನೆ. ಆಮೇಲೆ, "ನೋಡಮ್ಮಾ, ನಮ್ಮೆಜಮಾನ್ರು ಅವ್ರ ತಂಗಿ ಮಗನಿಗೆ ಕೊಡ್ಬೇಕು ಅಂತಿದ್ರು. ಕೇಳಿ ಹೇಳ್ತೀನಿ."

ಬೋರ್ಡು ಮಾತ್ರ ಮುಂದಿನ ತಿಂಗಳೂ ಗೇಟಿನ ಮೇಲೇ ಇತ್ತು. ಆ ತಂಗಿ ಮಗ ಇನ್ನೂ ಬಂದಿರಲಿಲ್ಲ.

ಕೆಲವರು ಇಷ್ಟು ಸುತ್ತಾಡುವುದಿಲ್ಲ. "ನೀವು ಯಾವ ಪೈಕಿ?" ಅಂತ ನೇರ ಕೇಳುತ್ತಾರೆ. ಅವರ ಬಗ್ಗೆ ನಮಗೆ ಒಂದು ರೀತಿಯ ಗೌರವವೇ ಬಂದಿದೆ. ಬಿಸಿಲಲ್ಲಿ ನಿಲ್ಲಿಸುವುದಿಲ್ಲ. ಇನ್ನು ಕೆಲವರು ಅಡಿಗೆಮನೆಯಿಂದ ಶುರು ಮಾಡುತ್ತಾರೆ. "ನಾವು ಪ್ಯೂರ್ ವೆಜ್ಜು" ಅನ್ನುತ್ತಾರೆ. ಅದನ್ನಾದರೂ ಒಪ್ಪೋಣ. ಆದರೆ ಭಾನುವಾರ ಕೋಳಿ ಕುಯ್ಯುವ ಮನೆಯವರೇ, "ನಾವೂ ತಿಂತೀವಪ್ಪ, ಆದ್ರೆ ನೀವು ತಿನ್ನೋದು ಬೇರೆ ಅಲ್ವಾ" ಅಂದಾಗ ಪ್ರಶ್ನೆ ಬಾಣಲೆಯಲ್ಲಿರುವುದರ ಬಗ್ಗೆ ಅಲ್ಲ, ಸೌಟು ಹಿಡಿದ ಕೈಯ ಬಗ್ಗೆ ಅಂತ ತಿಳಿಯುತ್ತದೆ.

ಗೆಳೆಯನ ಕಥೆ ಇನ್ನೂ ಚಿಕ್ಕದು. ಅವನು ಬಾಯಿ ಬಿಡಬೇಕಾಗಿಯೇ ಇಲ್ಲ. ಆಧಾರ್ ಕಾರ್ಡಿನ ವಿಳಾಸದಲ್ಲೇ ಬರೆದಿದೆ: ಎ.ಕೆ. ಕಾಲೋನಿ. ಇದೊಂದು ವಿಚಿತ್ರ ಪದ. ಪಟ್ಟಣದಲ್ಲಿ ಕಾಲೋನಿ ಅಂದರೆ ಗೌರವ. ಆಫೀಸರ್ಸ್ ಕಾಲೋನಿ, ಟೀಚರ್ಸ್ ಕಾಲೋನಿ. ಹಳ್ಳಿಯಲ್ಲಿ ಕಾಲೋನಿ ಅಂದರೆ ನಾವು. ಹೊಲಗೇರಿ ಅನ್ನಬಾರದು ಅಂತ ಸರ್ಕಾರ ಹೊಸ ಹೆಸರು ಕೊಟ್ಟಿತು. ಹೆಸರು ಬದಲಾಯಿತು, ಮೂಗಿನ ಮೇಲಿನ ಬೆರಳು ಬದಲಾಗಲಿಲ್ಲ. ಹಿಂದೆ ಜಾತಿ ತಿಳಿಯಲು ಅಪ್ಪನ ಹೆಸರು ಕೇಳಬೇಕಿತ್ತು. ಈಗ ಒಂದು ಜೆರಾಕ್ಸ್ ಸಾಕು.

ಅದೇ ಬಂಗಾರಪೇಟೆಯಲ್ಲಿ ಸಂಜೆ ಪಾನಿಪೂರಿ ಗಾಡಿಯ ಮುಂದೆ ನಿಂತು ನೋಡಬೇಕು. ಇಲ್ಲಿಯ ಪಾನಿಪೂರಿಯ ನೀರು ಬಣ್ಣವಿಲ್ಲದ ತಿಳಿನೀರು. ಬೆಂಗಳೂರಿನಲ್ಲೂ ಬಂಗಾರಪೇಟೆ ಹೆಸರು ಹೇಳಿ ಮಾರುತ್ತಾರೆ. ಗಾಡಿಯವನು ಎಲ್ಲರಿಗೂ ಒಂದೇ ಕೊಳದಪ್ಪಲೆಯಿಂದ ತುಂಬಿ ಕೊಡುತ್ತಾನೆ. ಬೆಳಿಗ್ಗೆ ಗೇಟು ಹಾಕಿಕೊಂಡವರೂ ಅಲ್ಲೇ, ಗೇಟಿನ ಹೊರಗೆ ನಿಂತವರೂ ಅಲ್ಲೇ. ರಸ್ತೆಯಲ್ಲಿ ಮುಗಿದ ಅಸ್ಪೃಶ್ಯತೆ ಹೊಸ್ತಿಲಲ್ಲಿ ಮುಗಿದಿಲ್ಲ.

ಒಬ್ಬರು ಹಿರಿಯರು, ಒಳ್ಳೆಯ ಮಾತಿನವರು, ನಮಗೆ ಕಾಫಿ ಕೊಟ್ಟು ಬುದ್ಧಿ ಹೇಳಿದರು. "ನಿಮ್ಮೋರ ಜೊತೆ ನೀವಿದ್ರೆ ನಿಮ್ಗೇ ಸೇಫು ಅಲ್ವಾ?" ಈ ಮಾತಿಗೆ ಉತ್ತರ ಕೋಲಾರ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಅವರು ತಮ್ಮೋರ ಜೊತೆಯಲ್ಲೇ ಇದ್ದರು. ತಮ್ಮ ಕೇರಿಯಲ್ಲೇ ಇದ್ದರು. 2006ರಲ್ಲಿ ಕೋರ್ಟು ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಪ್ರತ್ಯೇಕವಾಗಿ ಇಟ್ಟ ಜನಕ್ಕೆ ಬೆಂಕಿ ಹಚ್ಚುವುದು ಸುಲಭ. ಕೇರಿ ನಮ್ಮ ರಕ್ಷಣೆಗೆ ಕಟ್ಟಿದ್ದಲ್ಲ, ನಮ್ಮನ್ನು ಗುರುತು ಹಿಡಿಯಲಿಕ್ಕೆ ಕಟ್ಟಿದ್ದು. ನಾವು ಇಷ್ಟನ್ನು ಹೇಳಿ ಕಾಫಿ ಲೋಟ ಕೆಳಗಿಟ್ಟು ಎದ್ದೆವು. ಆ ಹಿರಿಯರು ಮಾತಾಡಲಿಲ್ಲ.

ಕೊನೆಗೆ ಮನೆ ಸಿಕ್ಕಿದ್ದು ರೈಲ್ವೆ ಹಳಿಯ ಪಕ್ಕ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತರಾದ ಯಜಮಾನರೊಬ್ಬರ ಮನೆಯ ಮಾಳಿಗೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ರಾತ್ರಿಯೆಲ್ಲಾ ಗಾಡಿ ಓಡ್ತದೆ. ನಿದ್ದೆ ಬರ್ತದಾ?" ಗೆಳೆಯನಿಗೂ ಅದೇ ಸಾಲಿನಲ್ಲಿ ಹಿಂದೆ ಒಂದು ರೂಮು ಸಿಕ್ಕಿತು. ಪಕ್ಕದ ಮನೆಯಲ್ಲಿ ಟೈಲರ್ ಕೆಲಸ ಮಾಡುವ ಮುಸ್ಲಿಂ ಕುಟುಂಬ, ಅದರಾಚೆ ಗಂಡ ಬಿಟ್ಟ ಹೆಂಗಸು ಇಬ್ಬರು ಮಕ್ಕಳೊಂದಿಗೆ, ಅದರಾಚೆ ಬಿಹಾರದಿಂದ ಬಂದ ಗಾರೆ ಕೆಲಸದವರು. ಊರಿನ ಬೇರೆ ಬೀದಿಗಳು ಬೇಡ ಅಂದವರೆಲ್ಲ ಈ ಒಂದು ಬೀದಿಯಲ್ಲಿ. ಮನೆ ಅಲುಗುತ್ತದೆ. ಹಳೆ ಕಾಲದ ಲೈನಿನ ಮನೆ ಅಲುಗಿದಂತೆಯೇ ಅಲುಗುತ್ತದೆ ಅಂತ ಅಮ್ಮ ಮೊದಲ ರಾತ್ರಿ ಎದ್ದು ಕೂತಿದ್ದಳು.

ಆಗ ನಮಗೆ ಪ್ರಶಾಂತ ವಾತಾವರಣದ ಅರ್ಥ ಪೂರ್ತಿಯಾಗಿ ತಿಳಿಯಿತು. ಎಲ್ಲಿ ಸದ್ದಿದೆಯೋ, ಎಲ್ಲಿ ಚರಂಡಿ ಇದೆಯೋ, ಎಲ್ಲಿ ಸ್ಮಶಾನ ಇದೆಯೋ ಅಲ್ಲಿ ಜಾತಿಯ ಪ್ರಶ್ನೆ ಸ್ವಲ್ಪ ಸಡಿಲ. ಸದ್ದು ಕಮ್ಮಿ ಆದ ಹಾಗೆ ಪ್ರಶ್ನೆ ಜಾಸ್ತಿ. ಪ್ರಶಾಂತತೆ ಅನ್ನೋದು ಮರ, ಗಾಳಿ, ಅಗಲ ರಸ್ತೆ ಮಾತ್ರ ಅಲ್ಲ. ಯಾರು ಅಲ್ಲಿ ಇಲ್ಲವೋ ಅವರ ಇಲ್ಲದಿರುವಿಕೆಗೂ ಸೇರಿಸಿ ಅದಕ್ಕೆ ಬೆಲೆ ಕಟ್ಟುತ್ತಾರೆ. ನಮ್ಮನ್ನು ಹೊರಗಿಟ್ಟದ್ದೇ ಆ ಸೈಟಿನ ಚದರಡಿಯ ದರ.

ಕಾನೂನು ಇಲ್ಲವೇ? ಇದೆ. ಇದನ್ನು ಶಾಲಾ ಮೇಷ್ಟರುಗಳೂ ವಿದ್ಯಾರ್ಥಿ ಗೆಳೆಯರೂ ದಯವಿಟ್ಟು ಗುರುತು ಹಾಕಿಕೊಳ್ಳಬೇಕು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರು ಹೇಳುತ್ತದೆ, ಬಾಡಿಗೆ ಮನೆಯ ಹೆಸರು ಹೇಳುವುದಿಲ್ಲ. 2005ರಲ್ಲಿ ಗುಜರಾತಿನ ಒಂದು ವಸತಿ ಸಹಕಾರ ಸಂಘದ ಮೊಕದ್ದಮೆಯಲ್ಲಿ, ಒಂದೇ ಸಮುದಾಯದವರಿಗೆ ಸದಸ್ಯತ್ವ ಎಂಬ ಬೈಲಾ ನಡೆಯುತ್ತದೆ ಅಂತ ಸುಪ್ರೀಂ ಕೋರ್ಟು ಹೇಳಿತು. ಆದರೆ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾರೇ ಆಚರಿಸಿದರೂ ಅಪರಾಧ ಅನ್ನುತ್ತದೆ. ಅದರ ಅಡಿಯಲ್ಲಿ 1955ರ ಕಾಯ್ದೆ ಬಂತು. 1976ರ ತಿದ್ದುಪಡಿಯ ನಂತರ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಅದರ 4ನೇ ಕಲಮಿನಲ್ಲಿ ಸ್ಪಷ್ಟವಾಗಿದೆ: ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟಲು, ಕೊಳ್ಳಲು, ಅದರಲ್ಲಿ ವಾಸ ಮಾಡಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಒಂದು ತಿಂಗಳಿಂದ ಆರು ತಿಂಗಳ ಸೆರೆವಾಸ, ಜೊತೆಗೆ ದಂಡ. ದಂಡ ನೂರರಿಂದ ಐನೂರು ರೂಪಾಯಿ. ಒಂದು ಮನೆ ನಿರಾಕರಿಸಿದ್ದಕ್ಕೆ ಹೆಚ್ಚೆಂದರೆ ಐನೂರು!

ಅದಕ್ಕಿಂತ ಮು꞉ಖ್ಯವಾದದ್ದು 12ನೇ ಕಲಮು. ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಈ ಅಪರಾಧ ನಡೆದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ಕೋರ್ಟು ಮೊದಲೇ ಭಾವಿಸಬೇಕು. ಅಲ್ಲ ಅಂತ ತೋರಿಸುವ ಹೊಣೆ ನಿರಾಕರಿಸಿದವರದು. ತಂಗಿ ಮಗನ ಕಥೆ ಹೇಳಿದವರು ತಂಗಿ ಮಗನನ್ನು ತಂದು ತೋರಿಸಬೇಕು. ಎಪ್ಪತ್ತು ವರ್ಷದ ಈ ಕಾನೂನು ನಮ್ಮ ಕೈಯಲ್ಲಿದೆ ಅನ್ನುವುದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಿ 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಹೋದಾಗ ಅವರಿಗೆ ಒಂದು ಕೋಣೆ ಸಿಗಲಿಲ್ಲ. ತಂಗಿದ್ದ ಛತ್ರದಿಂದ ಕೋಲು ಹಿಡಿದವರು ಬಂದು ಹೊರಗೆ ಹಾಕಿದರು. ಹಿಂದೂ ಗೆಳೆಯರೊಬ್ಬರು, ಕ್ರೈಸ್ತ ಗೆಳೆಯರೊಬ್ಬರು, ಇಬ್ಬರೂ ನೆಪ ಹೇಳಿ ಜಾರಿಕೊಂಡರು. ಅವರು ಉದ್ಯಾನದಲ್ಲಿ ಕಾದು ಕೂತು ಮುಂಬಯಿಗೆ ವಾಪಸಾದರು. ಮುಂದೆ 1930ರ ದಶಕದಲ್ಲಿ ಅದೇ ಮನುಷ್ಯ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು. ಮನೆಯನ್ನು ಪುಸ್ತಕಗಳಿಗಾಗಿ ಕಟ್ಟಿಸಿದರು. ಒಂದು ಕೋಣೆ ಸಿಗದವನು ಗ್ರಂಥಾಲಯ ಕಟ್ಟಿದ ಈ ಸಂಗತಿಯನ್ನು ನಾವು ಮಕ್ಕಳಿಗೆ ಲೆಕ್ಕದ ಪಾಠದಂತೆ ಹೇಳಿಕೊಡಬೇಕು.

ಇನ್ನು ಕೊಳ್ಳುವ ಮಾತು. ನಮ್ಮಮ್ಮನದು ಒಂದೇ ಆಸೆ. "ಯಾರ್ನೂ ಕೇಳ್ದೆ ಒಂದು ಗೋಡೆಗೆ ಮೊಳೆ ಹೊಡೀಬೇಕು." ಬಾಡಿಗೆ ಮನೆಗಳಲ್ಲಿ ಮೊಳೆ ಹೊಡೆಯಬಾರದು ಅನ್ನೋದು ಮೊದಲ ಷರತ್ತು. ಮೊಳೆ ಇಲ್ಲದೆ ಬಾಬಾಸಾಹೇಬರ ಫೋಟೋ ಟ್ರಂಕಿನ ಮೇಲೆ ಗೋಡೆಗೆ ಒರಗಿ ನಿಂತಿದೆ. ಹಾಗಾಗಿ ಬ್ಯಾಂಕಿನಲ್ಲಿದ್ದದ್ದು, ಚೀಟಿ ಎತ್ತಿದ್ದು ಎಲ್ಲ ಸೇರಿಸಿ ಇಪ್ಪತ್ತು ಮೂವತ್ತರ ಒಂದು ಸೈಟು ನೋಡಲು ಹೊರಟೆವು.

ಇಲ್ಲೊಂದು ಆಶ್ಚರ್ಯ. ಬಾಡಿಗೆಗೆ ಕೊಡುವವರೆಲ್ಲ ಜಾತಿ ಕೇಳಿದ್ದರು. ಈ ಸೈಟು ಮಾರುವ ಹುಡುಗ ಕೇಳಲೇ ಇಲ್ಲ. "ಅಕ್ಕ ಬನ್ನಿ, ಅಮ್ಮ ಕೂತ್ಕೊಳ್ಳಿ" ಅಂತ ಕುರ್ಚಿ ಹಾಕಿದ. ಎಳನೀರು ಕೊಡಿಸಿದ. "ನಮ್ಮತ್ರ ಆ ಥರ ಏನಿಲ್ಲಕ್ಕ. ಅರ್ಧ ಕ್ಯಾಶು, ಅರ್ಧ ಕಂತು." ಅಮ್ಮನಿಗೆ ಖುಷಿಯೋ ಖುಷಿ. ನಾವು ಕಾಗದಗಳ ಜೆರಾಕ್ಸ್ ಕೇಳಿ ಪಡೆದೆವು. ಓದು ಕಲಿತದ್ದು ಇದಕ್ಕಲ್ಲದೆ ಮತ್ತೆ ಯಾಕೆ?

ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂರುವ ಒಬ್ಬ ಪತ್ರ ಬರಹಗಾರರು ಅದನ್ನು ತಿರುವಿ ಹಾಕಿದರು. ಋಣಭಾರ ಪತ್ರ ಇದೆ. ಭೂಪರಿವರ್ತನೆಯ ಆದೇಶ ಇಲ್ಲ. ಇ-ಖಾತೆ ಇಲ್ಲ. "ಮೂಲ ಎಲ್ಲಿಂದ ಬಂತು ಅಂತ ನೋಡ್ರಪ್ಪ, ಹಳೇ ಪಹಣಿ ತೆಗೆಸಿ" ಅಂದರು. ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿನಿಂದ ಕೈಬರಹದ ಹಳೆಯ ಪಹಣಿಯ ನಕಲು, ಆಮೇಲೆ ಸಾಗುವಳಿ ಚೀಟಿಯ ನಕಲು ಬಂತು. ಆ ಹೊಲ ಸರ್ಕಾರ ಒಬ್ಬ ಹೊಲೆಯರ ಹಿರಿಯರಿಗೆ ಮಂಜೂರು ಮಾಡಿದ್ದು. ಇಂತಿಷ್ಟು ವರ್ಷ ಮಾರಕೂಡದು ಅಂತ ಷರತ್ತು. ಕೆಳಗೆ ಹೆಬ್ಬೆಟ್ಟು. ಷರತ್ತಿನ ವರ್ಷಗಳು ತುಂಬುವ ಮೊದಲೇ ಜಮೀನು ಬೇರೆ ಹೆಸರಿಗೆ ಹೋಗಿತ್ತು. ಆಮೇಲೆ ಇನ್ನೊಂದು ಹೆಸರಿಗೆ, ಮತ್ತೊಂದು ಹೆಸರಿಗೆ, ಕೊನೆಗೆ ಲೇಔಟಿನ ಹೆಸರಿಗೆ.

ಈಗ ಅರ್ಥವಾಯಿತು. ಕಾಗದ ಗಟ್ಟಿ ಇರುವವರು ನಮ್ಮ ಜಾತಿ ಕೇಳುತ್ತಾರೆ. ಜಾತಿ ಕೇಳದೆ ನಮಗೆ ಮಾರಲು ಬಂದವನ ಹತ್ತಿರ ಕಾಗದವೇ ಗಟ್ಟಿ ಇರಲಿಲ್ಲ. ಎರಡು ಬಾಗಿಲು ಮುಚ್ಚಿದವರಿಗೆ ಮೂರನೆಯ ಬಾಗಿಲು ಹೀಗೆ ತೆರೆದಿರುತ್ತದೆ. ಆ ಹುಡುಗನಿಗೆ ಸಾಗುವಳಿ ಚೀಟಿ ತೋರಿಸಿದೆವು. ಅವನು ನಾಚಲಿಲ್ಲ. "ನಿಮ್ಮೋರ ಜಮೀನೇ ಅಂದ್ಮೇಲೆ ಒಳ್ಳೇದೇ ಆಯ್ತಲ್ಲಕ್ಕ, ನಿಮಗೇ ವಾಪಸ್ ಕೊಡ್ತಿದೀವಿ" ಅಂದ. ದುಡ್ಡು ತಗೊಂಡು ವಾಪಸ್ ಕೊಡುವುದು!

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಡ. ಮೊದ್ಲು ಅವರ್ದು ಅವ್ರಿಗೆ ಬರ್ಲಿ" ಅಂದಳು.

1978ರ ಒಂದು ಕಾಯ್ದೆ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಕೆಲವು ಭೂಮಿಗಳ ಪರಭಾರೆ ನಿಷೇಧ ಕಾಯ್ದೆ. ಜನ ಪಿ.ಟಿ.ಸಿ.ಎಲ್. ಅನ್ನುತ್ತಾರೆ. ನಮ್ಮವರಿಗೆ ಸರ್ಕಾರ ಕೊಟ್ಟ ಜಮೀನನ್ನು ಷರತ್ತು ಮೀರಿ ಕೊಂಡರೆ ಆ ಕ್ರಯ ಅನೂರ್ಜಿತ. ಈಗ ಮಾರಬೇಕಾದರೂ ಸರ್ಕಾರದ ಪೂರ್ವಾನುಮತಿ ಬೇಕು. ಉಪವಿಭಾಗಾಧಿಕಾರಿಗಳು ಜಮೀನು ಬಿಡಿಸಿ ಮೂಲ ಮಂಜೂರುದಾರರಿಗೆ ಅಥವಾ ವಾರಸುದಾರರಿಗೆ ಕೊಡಿಸಬಹುದು. ವಾರಸುದಾರರೇ ಅರ್ಜಿ ಹಾಕಬೇಕು ಅಂತಿಲ್ಲ, ಯಾರು ಬೇಕಾದರೂ ಬರಹದಲ್ಲಿ ಮಾಹಿತಿ ಕೊಡಬಹುದು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಬಹಳ ತಡವಾಗಿ ಬಂದ ಅರ್ಜಿ ನಡೆಯುವುದಿಲ್ಲ ಅಂದಿತು. ಬಂದ ಜಮೀನು ಮತ್ತೆ ಹೋಗುವ ಕಾಲ ಬಂತು. ದಲಿತ ಸಂಘಟನೆಗಳು ಬೀದಿಗೆ ಇಳಿದವು, ಧರಣಿ ಕೂತವು. 2023ರಲ್ಲಿ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಆಯಿತು. ತಡವಾಯಿತು ಎಂಬ ವಾದ ಕೋರ್ಟುಗಳಲ್ಲಿ ಅದರ ನಂತರವೂ ನಿಂತಿಲ್ಲ. ಹಾಗಾಗಿ ಗೊತ್ತಾದ ದಿನವೇ ಅರ್ಜಿ ಹಾಕಬೇಕು.

ಹೆಬ್ಬೆಟ್ಟು ಒತ್ತಿದ್ದ ಆ ಹಿರಿಯರ ಮೊಮ್ಮಗಳನ್ನು ನಾವು ಹುಡುಕಿದೆವು. ಗಂಡ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ. ಬೇರೆಯವರ ಅಪಾರ್ಟ್‌ಮೆಂಟಿನ ಪ್ರಶಾಂತತೆ ಕಾಯುವುದು. ಆಕೆ ಹಳ್ಳಿಯಲ್ಲಿ, ಕಾಲೋನಿಯ ಹಳೆಯ ಜನತಾ ಮನೆಯಲ್ಲಿ. "ನಮ್ ತಾತಂಗೆ ಅಲ್ಲಿ ಹೊಲ ಇತ್ತು ಅಂತ ಹೇಳ್ತಿದ್ರು, ಕಥೆ ಅನ್ಕೊಂಡಿದ್ವಿ" ಅಂದಳು. ನಕಲನ್ನು ಕೈಗೆ ಕೊಟ್ಟಾಗ ಆ ಹೆಬ್ಬೆಟ್ಟಿನ ಗುರುತನ್ನು ಬೆರಳಿಂದ ಮುಟ್ಟಿ ನೋಡಿದಳು. ತಮ್ಮ ಅರ್ಜಿ ಬರೆದ. ಗೆಳೆಯ ವಂಶವೃಕ್ಷಕ್ಕೆ ಓಡಾಡಿದ. ಅಕ್ಕ ರಜೆ ಹಾಕಿ ಕೋಲಾರಕ್ಕೆ ಜೊತೆಗೆ ಹೋದಳು. ವಿಚಾರಣೆ ನಡೆದಿದೆ. ಜಮೀನು ಬರುತ್ತದೋ ಇಲ್ಲವೋ, ನಾವು ಭವಿಷ್ಯ ಹೇಳುವವರಲ್ಲ. ನಮಗೆ ಸೈಟು ಆಗಲಿಲ್ಲ. ದುಡ್ಡು ಬ್ಯಾಂಕಿನಲ್ಲೇ ಇದೆ. ಹಳಿಯ ಪಕ್ಕದ ಮಾಳಿಗೆಯಲ್ಲೇ ಇದ್ದೇವೆ.

ಗೆಳೆಯರೇ, ಮನೆ ಅನ್ನುವುದನ್ನು ನಾವು ದಯೆಯಾಗಿ ಕೇಳುವುದನ್ನು ಬಿಡಬೇಕು. ಒಳ್ಳೆಯ ಮನಸ್ಸಿನ ಓನರ್ ಸಿಕ್ಕರೆ ಅದು ಅದೃಷ್ಟ. ಅದೃಷ್ಟದ ಮೇಲೆ ಒಂದು ಜನಾಂಗ ಬದುಕಲಾರದು. ಕಂಪನಿ ಮನೆ ಕೊಟ್ಟಿತ್ತು, ಸರ್ಕಾರ ಜನತಾ ಮನೆ ಕೊಟ್ಟಿತು, ಆಶ್ರಯ ಮನೆ ಕೊಟ್ಟಿತು. ಎಲ್ಲ ಕೊಟ್ಟದ್ದೇ. ಕೊಟ್ಟವರು ಎಲ್ಲಿ ಕೊಟ್ಟರು ಅಂತ ನೋಡಿ. ಊರ ಹೊರಗೆ, ದಿಬ್ಬದ ಪಕ್ಕ, ಹಳಿಯ ಪಕ್ಕ. ನಮಗೆ ಬೇಕಾದದ್ದು ಎಲ್ಲಿ ಬೇಕಾದರೂ ಇರುವ ಹಕ್ಕು, ನಮ್ಮ ಹೆಸರಿನ ಕಾಗದ.

ಆದ್ದರಿಂದ ಈ ಪತ್ರಿಕೆ ಓದುವ ಮೇಷ್ಟರುಗಳಿಗೆ ಒಂದು ಮಾತು. ನಿಮ್ಮ ಊರಿನ ಕೇರಿಯಲ್ಲಿ ಟ್ರಂಕಿನ ತಳದಲ್ಲಿ ಬಿದ್ದಿರುವ ಸಾಗುವಳಿ ಚೀಟಿ, ಹಕ್ಕುಪತ್ರಗಳನ್ನು ಒಂದು ಭಾನುವಾರ ಕೂತು ಓದಿ ಹೇಳಿ. ಕಾಲೇಜಿನ ಗೆಳೆಯರು ತಾಲ್ಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕುವುದನ್ನು ಕಲಿಯಿರಿ. ಸಂಘಟನೆಯವರು, ಜಾತಿ ಕೇಳಿ ಮನೆ ಇಲ್ಲ ಅಂದ ಕಡೆ ದಿನಾಂಕ ಬರೆದಿಡಿ, ಜೊತೆಗೆ ಸಾಕ್ಷಿಯೊಬ್ಬರನ್ನು ಕರೆದೊಯ್ಯಿರಿ, ಬೋರ್ಡಿನ ಫೋಟೋ ತೆಗೆಯಿರಿ, 4 ಮತ್ತು 12ನೇ ಕಲಮು ಹೆಸರಿಸಿ ದೂರು ಕೊಡಿ. ಹೊಸದಾಗಿ ಏನೇ ಕೊಂಡರೂ ಹೆಂಗಸರ ಹೆಸರು ಸೇರಿಸಿ ಬರೆಸಿ. ನಮ್ಮಲ್ಲೇ ಯಾರಾದರೂ ಮಾಳಿಗೆ ಕಟ್ಟಿ ಬಾಡಿಗೆಗೆ ಕೊಡುವಂತಾದರೆ, ಗೇಟು ತಟ್ಟಿದವರನ್ನು ಆ ಗ್ಯಾಂಗ್‌ಮನ್ ಯಜಮಾನರು ಕೇಳಿದ ಪ್ರಶ್ನೆಗಿಂತ ಒಂದು ಪ್ರಶ್ನೆಯನ್ನೂ ಹೆಚ್ಚು ಕೇಳಬೇಡಿ.